ಕಿಯಾರಾಗೆ ಸಂಸ್ಕೃತದ ವಂಶವೃಕ್ಷ ಬರೆದುಕೊಟ್ಟವರು ಯಾರು?

ಕಿಯಾರಾ ಎಂದರೆ ಸಂಸ್ಕೃತದಲ್ಲಿ ‘ಸೂರ್ಯನ ಮೊದಲ ಕಿರಣ’ವಂತೆ. ಅಲ್ಲ, ‘ದೇವರ ಅಮೂಲ್ಯ ಕೊಡುಗೆ’ ಅನ್ನುತ್ತಾರೆ ಇನ್ನೊಬ್ಬರು. ಅದು ದುರ್ಗೆಯದೇ ಹೆಸರು ಎಂದು ಅಡ್ಡಗೋಡೆಯಿಲ್ಲದೆ ಹೇಳುವವರೂ ಇದ್ದಾರೆ. ಯಾವ ಸ್ತೋತ್ರದಲ್ಲಿ ಎಂದು ಕೇಳಿದರೆ ‘ಮೊಬೈಲಿನಲ್ಲಿತ್ತು’ ಎಂಬ ಉತ್ತರ ಬರುತ್ತದೆ. ಈಚೆಗೆ ನಾಮಕರಣದ ಕರೆಯೋಲೆಯಲ್ಲಿ ಮಗುವಿನ ಹೆಸರಿನ ಜೊತೆಗೆ ಅರ್ಥವನ್ನೂ ಅಚ್ಚು ಹಾಕಿಸುವ ರೂಢಿ ಶುರುವಾಗಿದೆ. ಅಲ್ಲಿಗೆ ಅಂತೆಕಂತೆಗೆ ಅರಿಸಿನ ಕುಂಕುಮವೂ ಸಿಕ್ಕಂತಾಯಿತು.

ಹೆಸರು ಇಂಪಾಗಿದೆ, ಒಪ್ಪುತ್ತೇನೆ. ಆದರೆ ಅದು ಸಂಸ್ಕೃತವಲ್ಲ. ಅಮರಕೋಶ ತಿರುವಿ, ಆಪ್ಟೆ ನೋಡಿ, ಮಾನಿಯರ್ ವಿಲಿಯಮ್ಸ್ ಅವರ 1899ರ ದಪ್ಪ ನಿಘಂಟು ತೆಗೆಯಿರಿ, ಎಲ್ಲೂ ಇಲ್ಲ. ಅದು ಇರಬೇಕಾದ ಜಾಗದ ಆಸುಪಾಸಿನಲ್ಲಿ ‘ಕಿಯತ್’ ಇದೆ, ‘ಎಷ್ಟು’ ಎಂದರ್ಥ. ‘ಕಿಯಾಹ’ ಇದೆ, ಕೆಂಗಂದು ಬಣ್ಣದ ಕುದುರೆ. ನಮ್ಮ ದೇಶದ ಮಾತುಗಳಲ್ಲಿ ಸದ್ದಿನಿಂದ ಇದಕ್ಕೆ ಹತ್ತಿರವಾದದ್ದು ಬೇಕೇಬೇಕು ಎನ್ನುವವರಿಗೆ ಹಿಂದಿಯ ‘ಕ್ಯಾರಿ’ ಇದೆ. ಗದ್ದೆ ಎಂಬರ್ಥದ ‘ಕೇದಾರ’ದಿಂದ ಸವೆದು ಬಂದ ಮಾತು ಅದು, ಕೊತ್ತಂಬರಿ ಮೆಂತ್ಯ ಬಿತ್ತುವ ಮಡಿ. ಕುದುರೆ, ಮಡಿ, ಎಷ್ಟು: ಮೂರರಲ್ಲಿ ಯಾವುದನ್ನು ಕರೆಯೋಲೆಯಲ್ಲಿ ಹಾಕಿಸುತ್ತೀರಿ?

ಸೂರ್ಯಕಿರಣದ ಕಥೆ ಹೇಗೆ ಹುಟ್ಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ‘ಕಿ’ ಕಂಡಿತು, ಯಾರಿಗೋ ‘ಕಿರಣ’ ನೆನಪಾಯಿತು, ಬರೆದರು. ಅದನ್ನು ನೋಡಿ ಇನ್ನೊಬ್ಬರು ನಕಲು ಹೊಡೆದರು. ಹತ್ತು ಕಡೆ ಒಂದೇ ಅರ್ಥ ಕಂಡ ಅಪ್ಪ ಅಮ್ಮನಿಗೆ ಹತ್ತು ಸಾಕ್ಷಿ ಸಿಕ್ಕಷ್ಟು ಖುಷಿ. ಇರುವುದು ಒಂದೇ ಸಾಕ್ಷಿ, ಅದೂ ಸುಳ್ಳುಸಾಕ್ಷಿ.

ನಿಜವಾದ ಕಿಯಾರಾ ಇಟಲಿಯವಳು. ಲ್ಯಾಟಿನ್ನಿನ ‘ಕ್ಲಾರಾ’, ಎಂದರೆ ತಿಳಿಯಾದವಳು, ಬೆಳಗುವವಳು, ಇಟಲಿಯವರ ಬಾಯಲ್ಲಿ ‘ಕಿಯಾರಾ’ ಆದಳು. ಆ ಹೆಸರಿಗೆ ದೊಡ್ಡ ಘನತೆ ತಂದವಳು ಅಸಿಸಿ ಊರಿನ ಸಿರಿವಂತರ ಮನೆಯ ಮಗಳು. ಹುಟ್ಟಿದ್ದು 1194ರ ಸುಮಾರಿಗೆ. 1212ರಲ್ಲಿ, ಇನ್ನೂ ಹದಿನೆಂಟರ ಹುಡುಗಿ, ರಾತ್ರಿ ಮನೆ ಬಿಟ್ಟು ಸಂತ ಫ್ರಾನ್ಸಿಸ್ ಬಳಿ ಹೋಗಿ ಕೂದಲು ಕತ್ತರಿಸಿಕೊಂಡು ಸನ್ಯಾಸಿನಿಯಾದಳು. 1253ರಲ್ಲಿ ತೀರಿಕೊಂಡಳು, ಎರಡೇ ವರ್ಷದಲ್ಲಿ ಸಂತಳೆಂದು ಘೋಷಿತಳಾದಳು. ಅವಳ ಹೆಸರಿನ ಕ್ಲಾರಿಸ್ಟ್ ಸಭೆಯೊಂದಕ್ಕೆ ಸೇರಿದವರೇ ಕೇರಳದ ಅಲ್ಫೋನ್ಸಾ, 2008ರಲ್ಲಿ ಸಂತ ಪದವಿ ಪಡೆದವರು. ನಮ್ಮ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ಲಾರಾ ಎಂಬ ಹೆಸರು ಎಷ್ಟೋ ತಲೆಮಾರುಗಳಿಂದ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿಲಿಗೆ ಹಾಕಿದ ‘ಯಾರಿಗೂ ಇಲ್ಲದ ಹೊಚ್ಚ ಹೊಸ ಸಂಸ್ಕೃತ ಹೆಸರು’ ವಾಸ್ತವದಲ್ಲಿ ಕ್ಲಾರಾ ಬಾಯಿಯದೇ ಹೆಸರು ಎಂದು ತಿಳಿಸಿದಾಗ ಕೆಲವು ಅಜ್ಜಂದಿರ ಮುಖ ನೋಡಬೇಕು.

ಈ ಸಂತಳ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಾಯಿಲೆ ಮಲಗಿದ್ದಾಗ ದೂರದ ಚರ್ಚಿನ ಪೂಜೆ ಅವಳಿಗೆ ಮಲಗಿದ್ದಲ್ಲೇ ಕಂಡಿತು, ಕೇಳಿಸಿತು ಎಂಬ ಕಥೆಯಿದೆ. ಅದನ್ನೇ ನೆಪ ಮಾಡಿಕೊಂಡು 1950ರ ದಶಕದ ಕೊನೆಯಲ್ಲಿ ಪೋಪ್ 12ನೇ ಪಯಸ್ ಅವಳನ್ನು ಟೆಲಿವಿಷನ್ನಿನ ರಕ್ಷಕ ಸಂತಳೆಂದು ಸಾರಿದರು. ಇದು ತಮಾಷೆಯಲ್ಲ, ದಾಖಲೆ. ಅವಳ ಹೆಸರು ನಮ್ಮ ಮನೆಗಳಿಗೆ ಬಂದದ್ದೂ ಪರದೆಯ ಮೇಲಿಂದಲೇ ಎಂಬುದನ್ನು ನೆನೆದರೆ ಪೋಪರ ಆಯ್ಕೆ ಮೆಚ್ಚಬೇಕು.

ಹಾಗಾದರೆ ಮೊಬೈಲಿನ ಹೆಸರುಪಟ್ಟಿಗಳು ಕೊಡುವ ‘ಕಪ್ಪು ಕೂದಲಿನವಳು’ ಎಂಬ ಅರ್ಥ? ಒಂದೇ ಪಟ್ಟಿಯಲ್ಲಿ, ಒಂದೇ ಸಾಲಿನಲ್ಲಿ ‘ಬೆಳಕು, ಕಪ್ಪು’ ಎಂದು ಎರಡನ್ನೂ ಬರೆದು ಯಾರಿಗೂ ಅನುಮಾನ ಬಾರದೆ ಹೋದದ್ದೇ ನನಗೆ ಸೋಜಿಗ. ಕಪ್ಪು ಎಂಬ ಅರ್ಥ ಬಂದದ್ದು ಐರ್ಲೆಂಡಿನ ಬೇರೆಯೇ ಒಂದು ಹೆಸರಿನಿಂದ. ಐರಿಷ್ ಭಾಷೆಯಲ್ಲಿ ‘ಕಿಯರ್’ ಎಂದರೆ ಕಪ್ಪು. ಅದರಿಂದ ಗಂಡಿಗೆ ಕಿಯರಾನ್, ಹೆಣ್ಣಿಗೆ ಕೀರಾ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಎರಡೂ ಒಂದನ್ನೊಂದು ಹೋಲುತ್ತವೆ, ಅಷ್ಟೇ. ಬೆಳಕಿನವಳೂ ಕಪ್ಪಿನವಳೂ ಬೇರೆ ಬೇರೆ ದೇಶದವರು, ಸಂಬಂಧಿಕರಲ್ಲ. ನಮ್ಮ ಪಟ್ಟಿಗಾರರು ಇಬ್ಬರನ್ನೂ ಒಂದೇ ಕೋಣೆಗೆ ತಳ್ಳಿ, ಬಾಗಿಲ ಮೇಲೆ ‘ಸಂಸ್ಕೃತ’ ಎಂದು ಬರೆದರು.

ಇನ್ನು ಬಂದ ದಾರಿ. 1998ರಲ್ಲಿ ಡಿಸ್ನಿಯವರು ‘ಲಯನ್ ಕಿಂಗ್’ ಚಿತ್ರದ ಎರಡನೇ ಭಾಗ ಹೊರತಂದಾಗ ಸಿಂಬಾ ಸಿಂಹದ ಮಗಳಿಗೆ ಕಿಯಾರಾ ಎಂದು ಹೆಸರಿಟ್ಟರು. 2010ರ ‘ಅಂಜಾನಾ ಅಂಜಾನಿ’ ಹಿಂದಿ ಚಿತ್ರದಲ್ಲಿ ಪ್ರಿಯಾಂಕಾ ಚೋಪ್ರಾ ಕಿಯಾರಾ ಆದರು. ನ್ಯೂಯಾರ್ಕಿನ ಸೇತುವೆಯ ಮೇಲಿಂದ ಹಾರಲು ನಿಂತ ಹುಡುಗಿಯ ಪಾತ್ರ ಅದು. ಆ ಹೆಸರು ಮೆಚ್ಚಿದ ಆಲಿಯಾ ಅಡ್ವಾಣಿ ಎಂಬ ಹುಡುಗಿ, ಚಿತ್ರರಂಗದಲ್ಲಿ ಆಗಲೇ ಒಬ್ಬರು ಆಲಿಯಾ ಭಟ್ ಇದ್ದುದರಿಂದ, ಕಿಯಾರಾ ಅಡ್ವಾಣಿಯಾಗಿ 2014ರಲ್ಲಿ ತೆರೆಗೆ ಬಂದರು. ಈ ನಟಿಗೇ ಅದು ಹುಟ್ಟುಹೆಸರಲ್ಲ! ಒಂದು ಸಿಂಹದ ಮರಿ, ಒಂದು ಪಾತ್ರ, ಒಬ್ಬ ನಟಿ. ಇದರಲ್ಲಿ ವೇದ ಎಲ್ಲಿ ನುಸುಳಿತು?

ನುಸುಳಿದ್ದು ಪಂಚಾಂಗದ ಸಂದಿಯಿಂದ ಎಂದು ನನ್ನ ಗುಮಾನಿ. ಮೃಗಶಿರಾ ನಕ್ಷತ್ರದ ನಾಲ್ಕು ಪಾದಗಳಿಗೆ ವೇ, ವೋ, ಕಾ, ಕೀ ಎಂದು ಅಕ್ಷರಗಳಿವೆ. ನಾಲ್ಕನೇ ಪಾದದಲ್ಲಿ ಹೆಣ್ಣು ಹುಟ್ಟಿದರೆ ಮನೆಯವರು ‘ಕಿ’ ಹಿಡಿದು ಹೊರಡುತ್ತಾರೆ. ಕೀರ್ತಿ, ಕಿರಣ, ಕಿಶೋರಿ ಮುಗಿದ ಮೇಲೆ ಸರಕು ಕಡಿಮೆ, ಎಲ್ಲವೂ ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಇಟ್ಟು ಮುಗಿದ ಹೆಸರುಗಳು. ಆಗ ಕಿಯಾರಾ ಕಣ್ಣಿಗೆ ಬೀಳುತ್ತಾಳೆ. ಸಿನಿಮಾದ್ದು ಎಂದರೆ ಅಜ್ಜಿ ಒಪ್ಪುವುದಿಲ್ಲ; ಸಂಸ್ಕೃತ ಎಂದರೆ ತಕರಾರಿಲ್ಲ. (ಪಕ್ಕದ ಆರಿದ್ರಾ ನಕ್ಷತ್ರದ ಒಂದು ಪಾದಕ್ಕೆ ‘ಙ’ ಬರುತ್ತದೆ. ಅವರೇನು ಮಾಡುತ್ತಾರೆ? ಸುಮ್ಮನೆ ಬೇರೆ ಹೆಸರಿಡುತ್ತಾರೆ, ಆಕಾಶವೇನೂ ಕಳಚಿ ಬೀಳುವುದಿಲ್ಲ.) ನಕ್ಷತ್ರದ ಹೆಸರೇ ಬೇರೆ, ಕರೆಯಲು ಇಡುವ ವ್ಯಾವಹಾರಿಕ ಹೆಸರೇ ಬೇರೆ ಎಂದು ನಾಮಕರಣ ಮಾಡಿಸುವ ಪುರೋಹಿತರಿಗೆ ಗೊತ್ತು. ಹೇಳುವ ಪುರುಸೊತ್ತು ಅವರಿಗಿಲ್ಲ, ಕೇಳುವ ತಾಳ್ಮೆ ಯಜಮಾನರಿಗಿಲ್ಲ.

ಶಾಸ್ತ್ರವೇ ಬೇಕೆಂದರೆ ಶಾಸ್ತ್ರದಲ್ಲೇ ನೋಡೋಣ. ಹೆಣ್ಣುಮಗುವಿನ ಹೆಸರಿನಲ್ಲಿ ಬೆಸ ಸಂಖ್ಯೆಯ ಅಕ್ಷರಗಳಿರಲಿ, ಕೊನೆಯಲ್ಲಿ ಆಕಾರವಿರಲಿ ಎನ್ನುತ್ತದೆ ಪಾರಸ್ಕರ ಗೃಹ್ಯಸೂತ್ರ. ಕಿಯಾರಾ ಎರಡರಲ್ಲೂ ಪಾಸು: ಮೂರು ಅಕ್ಷರ, ಕೊನೆಗೆ ಆಕಾರ. ಮನುಸ್ಮೃತಿಯ ಎರಡನೆಯ ಅಧ್ಯಾಯ (ಮನುವಿನೊಡನೆ ಜಗಳ ಕಾಯಲು ಬೇರೆ ನೂರು ಕಾರಣಗಳಿವೆ, ಅದಿರಲಿ) ಹೆಣ್ಣಿನ ಹೆಸರು ಬಾಯಿಗೆ ಸುಲಭವಾಗಿರಬೇಕು, ಕಠೋರವಾಗಿರಬಾರದು, ಮನೋಹರವಾಗಿರಬೇಕು ಎನ್ನುತ್ತದೆ. ಅಲ್ಲೂ ಪಾಸು. ಆದರೆ ಅದೇ ಸಾಲಿನಲ್ಲಿ ಹೆಸರಿನ ಅರ್ಥ ನಿಚ್ಚಳವಾಗಿರಬೇಕು ಎಂಬ ಷರತ್ತೂ ಇದೆ. ಪಟ್ಟಿ ತೆರೆದು ತಡಕಿದರೆ ಮಾತ್ರ ಸಿಗುವ ಅರ್ಥ ನಿಚ್ಚಳವೇ? ನಮ್ಮ ಕೆಂಚಮ್ಮ, ಗಂಗವ್ವ, ನಾಗಮ್ಮ, ತಿಪ್ಪಮ್ಮ ಈ ಪರೀಕ್ಷೆಯಲ್ಲಿ ಮೊದಲ ದರ್ಜೆ. ಅವುಗಳ ಅರ್ಥ ಕೇಳಲು ಯಾರೂ ಮೊಬೈಲ್ ತೆಗೆಯಬೇಕಾಗಿರಲಿಲ್ಲ.

ಉಳಿದ ಹೆಸರುಗಳಿಗೆ ಹೆಚ್ಚು ಜಾಗ ಕೊಡಲಾರೆ. ಮೈರಾ ಎಂಬುದು ಮೀರಾಳ ಇನ್ನೊಂದು ರೂಪವಲ್ಲ, ಒಂದನೇ ಎಲಿಜಬೆತ್ ರಾಣಿಯ ಕಾಲದ ಕವಿ ಫುಲ್ಕ್ ಗ್ರೆವಿಲ್ ತನ್ನ ಪದ್ಯಗಳಲ್ಲಿ ಬಳಸಿ ಚಲಾವಣೆಗೆ ತಂದ ಹೆಸರು. ಶನಾಯಾಳನ್ನು ನಮ್ಮ ಮನೆಗಳಿಗೆ ಪರಿಚಯಿಸಿದ್ದು ಋಷಿಗಳಲ್ಲ, 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’. ಸಾನ್ವಿ ಲಕ್ಷ್ಮಿಯ ಹೆಸರು ಎನ್ನುವವರು ಲಕ್ಷ್ಮೀ ಅಷ್ಟೋತ್ತರದ 108ರಲ್ಲಿ ಅದನ್ನು ತೋರಿಸಲಿ. ಕನ್ನಡಿಗರ ಮಟ್ಟಿಗೆ ಸಾನ್ವಿ ಎಂದರೆ 2016ರ ‘ಕಿರಿಕ್ ಪಾರ್ಟಿ’ಯ ಸಾನ್ವಿ ಜೋಸೆಫ್. ಈ ಕಾಯಿಲೆ ನಮಗಷ್ಟೇ ಎಂದೂ ಅಲ್ಲ. ವೆಂಡಿ ಎಂಬ ಹೆಸರನ್ನು ‘ಪೀಟರ್ ಪ್ಯಾನ್’ ನಾಟಕಕ್ಕಾಗಿ 1904ರಲ್ಲಿ ಜೆ.ಎಂ. ಬ್ಯಾರಿಯೇ ಹುಟ್ಟಿಸಿದರು ಎಂದು ಓದಿಕೊಂಡ ಇಂಗ್ಲಿಷರೂ ನಂಬಿದ್ದಾರೆ. 19ನೇ ಶತಮಾನದ ಜನಗಣತಿ ದಾಖಲೆಗಳಲ್ಲೇ ವೆಂಡಿಯರಿದ್ದಾರೆ.

ನನ್ನ ಸಿಟ್ಟು ಹೆಸರಿನ ಮೇಲಲ್ಲ. ಇಟಲಿಯ ಹೆಸರಿಟ್ಟರೆ ಏನಂತೆ, ಇಡಿ. ಸಿಟ್ಟು, ‘ಸಂಸ್ಕೃತ’ ಎಂಬ ಮೊಹರು ಬಿದ್ದ ಕ್ಷಣ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುವ ನಮ್ಮ ಅಭ್ಯಾಸದ ಮೇಲೆ. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಎಂದು ನಾಸಾ ಘೋಷಿಸಿದೆ ಎಂಬುದನ್ನು ಕೇಳದ ಕನ್ನಡಿಗರುಂಟೆ? ನಡೆದದ್ದು ಇಷ್ಟು: ನಾಸಾದ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಒಂದು ಲೇಖನ ಬರೆದು, ಶಾಸ್ತ್ರಕಾರರು ವಾಕ್ಯದ ಅರ್ಥವನ್ನು ಬಿಡಿಸಿಡುವ ಕ್ರಮಕ್ಕೂ ಕಂಪ್ಯೂಟರಿಗಾಗಿ ಜ್ಞಾನವನ್ನು ಜೋಡಿಸುವ ಕ್ರಮಕ್ಕೂ ಇರುವ ಹೋಲಿಕೆಯನ್ನು ತೋರಿಸಿದರು. ಒಬ್ಬ ಸಂಶೋಧಕನ ಒಳ್ಳೆಯ ಲೇಖನ. ಘೋಷಣೆ ಮಾಡಿದ್ದು ನಾವು. ಪಾಣಿನಿಯನ್ನು ಓದಿದವರು ಊರಿಗೆ ಒಬ್ಬರಿಲ್ಲ, ಪಾಣಿನಿಗೆ ಅಮೆರಿಕದಿಂದ ಸರ್ಟಿಫಿಕೇಟ್ ತರಿಸಿದವರು ಬೀದಿಗೆ ಹತ್ತು ಜನ.

‘ಈ ವರ್ಷ ಭಾರತದ ನಂಬರ್ 1 ಹೆಣ್ಣು ಹೆಸರು’ ಎಂಬ ಪಟ್ಟಿಗಳದೂ ಅದೇ ಜಾಯಮಾನ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ, ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ಪ್ರತಿವರ್ಷ ಹುಟ್ಟಿದ ಮಕ್ಕಳ ಹೆಸರುಗಳನ್ನು ಎಣಿಸಿ ಪ್ರಕಟಿಸುತ್ತವೆ. ನಮ್ಮಲ್ಲಿ ಜನನ ನೋಂದಣಿಯ ವರದಿಗಳು ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ಹೇಳುತ್ತವೆಯೇ ಹೊರತು ಎಷ್ಟು ಕಿಯಾರಾ ಎಂದು ಹೇಳುವುದಿಲ್ಲ. ಹೀಗಾಗಿ ಆ ಪಟ್ಟಿಗಳು ತಮ್ಮ ಆ್ಯಪ್ ಬಳಸುವ ತಾಯಂದಿರ ಲೆಕ್ಕವನ್ನೇ ದೇಶದ ಲೆಕ್ಕವೆಂದು ತೋರಿಸುತ್ತವೆ. ‘ಅಪರೂಪದ ಹೆಸರು’ ಎಂಬ ಭರವಸೆಗೂ ಆಧಾರ ಅಷ್ಟೇ, ಎಲ್.ಕೆ.ಜಿ. ಹಾಜರಿ ಕೂಗುವ ಟೀಚರನ್ನು ಕೇಳಿದರೆ ಇದಕ್ಕಿಂತ ನಂಬುವಂಥ ಮಾಹಿತಿ ಸಿಕ್ಕೀತು.

ಅಂದಹಾಗೆ, ಹನ್ನೊಂದನೇ ದಿನಕ್ಕೇ ಹೆಸರು ಸಿಗದಿದ್ದರೆ ಗಾಬರಿ ಬೀಳಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿನ ಜಾಗ ಖಾಲಿ ಬಿಟ್ಟೇ ಜನನವನ್ನು ನೋಂದಾಯಿಸಬಹುದು. ಆಮೇಲೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಅದು ದಾಟಿದರೆ ಹದಿನೈದು ವರ್ಷದ ತನಕ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಒಂದು ನಿಘಂಟು ತೆರೆದು ನೋಡಲು ಇಷ್ಟು ಕಾಲ ಧಾರಾಳ.