ಮಾಕುಟ್ಟದ ಇಲಿಗೊಂದು ಹೆಸರು

ಹುಣಸೂರಿನಿಂದ ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರಿನ ದಾರಿ. ಹೊಗೆಸೊಪ್ಪಿನ ಕೆಂಪು ಹೊಲ ಬಿಟ್ಟು ಹೊರಟವರು ಅರ್ಧ ದಿನದೊಳಗೆ ಜಿಗಣೆ ಹತ್ತುವ ನಿತ್ಯಹಸಿರು ಕಾಡಿನಲ್ಲಿರುತ್ತಾರೆ. ಅಂಗೈಯಗಲದ ಒಂದು ಇಲಿಯ ಕಥೆ ಹೇಳಲು ಒಣನೆಲವೂ ಬೇಕು, ಮಳೆಕಾಡೂ ಬೇಕು.

ಈ ಇಲಿಯ ಮೈಕೂದಲು ಚಪ್ಪಟೆ, ಮುಳ್ಳಿನಷ್ಟು ಗಡಸು. ದಖ್ಖನ್ನಿನಿಂದ ಹೋದ ಮಾದರಿ ನೋಡಿ 1832ರಲ್ಲಿ ಪ್ರಾಣಿವಿಜ್ಞಾನಿ ಬೆನೆಟ್ ಅದನ್ನು ಮಸ್ ಪ್ಲಾಟಿಥ್ರಿಕ್ಸ್ ಎಂದು ಕರೆದ. ಚರ್ಮ ನೋಡಿ ಅಷ್ಟು ಹೇಳಬಹುದು, ಬದುಕನ್ನಲ್ಲ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ ಸಸ್ತನಿಗಳ ಪಟ್ಟಿಯಲ್ಲಿ ಅದರ ಬದುಕಿದೆ. ಗರಸು ಬೆರೆತ ಕೆಂಪು ಮಣ್ಣಿನ ದಿಬ್ಬದ ಮಗ್ಗುಲಲ್ಲಿ ಬಿಲ. ಇಲಿ ಒಳಗಿದ್ದಾಗ ಬಾಯಿಗೆ ಸಣ್ಣ ಹರಳುಕಲ್ಲುಗಳ ಮುಚ್ಚಳ. ಒಳಗೂ ಹರಳುಗಳದೇ ಹಾಸಿಗೆ; ಹೊಟ್ಟೆಯ ದಟ್ಟ ಕೂದಲಿನಿಂದಾಗಿ ಕಲ್ಲಿನ ತಂಪು ತಾಕುವುದಿಲ್ಲ. ಜೊತೆಗೇ ಎಲಿಯಟ್ ಒಡ್ಡರು ಇಟ್ಟಿದ್ದ ಹೆಸರನ್ನೂ ಬರೆದುಕೊಂಡ: ಲೆಗ್ಯಾಡೆ. ಮಣ್ಣು ಅಗೆಯುವುದೇ ಕಸುಬಾದವರಿಗೆ ಈ ಬಿಲಗಳು ಮೊದಲೇ ಗೊತ್ತಿದ್ದವು. ಎಲಿಯಟ್‌ನ ಮಾದರಿಗಳನ್ನು ನೋಡಿದ ಪ್ರಾಣಿವಿಜ್ಞಾನಿ ಗ್ರೇ ಇಂಥ ಇಲಿಗಳ ಕುಲಕ್ಕೆ 1837ರಲ್ಲೇ ಲೆಗ್ಗಾಡ ಎಂದು ಹೆಸರಿಟ್ಟಿದ್ದ. ವಿಜ್ಞಾನಕ್ಕೆ ಒಡ್ಡರು ಕೊಟ್ಟದ್ದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆಗೆ ಕೈಹಾಕಿತು. ಅದಕ್ಕಾಗಿ ಗೈ ಶಾರ್ಟ್‌ರಿಜ್ ಕೊಡಗಿನಲ್ಲಿ ಮಾದರಿ ಸಂಗ್ರಹಿಸಿದ. 1913ರಲ್ಲಿ ಕೆ. ವಿ. ರೈಲಿ ಎಂಬ ಮಹಿಳೆ ಮಾಕುಟ್ಟದ ಇಲಿಯನ್ನು ಬೇರೆಯೇ ಪ್ರಭೇದವೆಂದು ವಿವರಿಸಿ ಲೆಗ್ಗಾಡ ಹ್ಯಾನಿಂಗ್ಟೋನಿ ಎಂದು ಕರೆದರು. ಹೀಗೆ ಒಡ್ಡರ ಮಾತೂ ಹ್ಯಾನಿಂಗ್ಟನ್ ಎಂಬ ಬ್ರಿಟಿಷ್ ಉಪನಾಮವೂ ಒಂದೇ ಇಲಿಯ ಮೇಲೆ ಕೂತವು.

ಮಾಕುಟ್ಟದ ಇಲಿ ನಿಜಕ್ಕೂ ಬೇರೆಯೇ? ಬೇರ್ಪಟ್ಟ ನೆಲ ಇಲಿಯನ್ನು ಬದಲಿಸುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನಾಚೆಯ ಸೇಂಟ್ ಕಿಲ್ಡಾ ದ್ವೀಪಗಳೇ ಸಾಕ್ಷಿ. ಅಲ್ಲಿನ ಹೊಲದಿಲಿ ಬ್ರಿಟನ್ನಿನ ನೆಲದ ಬಂಧುವಿನ ಸುಮಾರು ಎರಡರಷ್ಟು ತೂಗುತ್ತದೆ. ಅದು ಪ್ರತ್ಯೇಕ ಉಪಪ್ರಭೇದ. 1930ರಲ್ಲಿ ಜನ ದ್ವೀಪ ತೊರೆದ ಮೇಲೆ ಅಲ್ಲಿನ ಮನೆಯಿಲಿ ಅಳಿಯಿತು, ಹೊಲದಿಲಿ ಉಳಿಯಿತು.

ಮಾಕುಟ್ಟದ ಸುತ್ತ ಸಮುದ್ರವಿಲ್ಲ. ಬೇರ್ಪಡಿಸುವುದಾದರೆ ಮಳೆ, ಮಣ್ಣು, ಕಾಡುಗಳೇ ಬೇರ್ಪಡಿಸಬೇಕು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಇಲಿಗಳ ವರ್ಣತಂತುಗಳನ್ನು ಎಣಿಸುತ್ತಿದ್ದರು. 1977ರಲ್ಲಿ ಪ್ರಾಣಿವಿಜ್ಞಾನಿ ಜೋ ಮಾರ್ಷಲ್ ಏಷ್ಯಾದ ಮಸ್ ಕುಲದ ಇಲಿಗಳನ್ನೆಲ್ಲ ಮತ್ತೆ ವಿಂಗಡಿಸಿದರು. ಈಗಿನ ಪಟ್ಟಿಗಳಲ್ಲಿ ಹ್ಯಾನಿಂಗ್ಟೋನಿ ಪ್ಲಾಟಿಥ್ರಿಕ್ಸ್‌ಗೇ ಇನ್ನೊಂದು ಹೆಸರು, ಅಷ್ಟೇ. ಪಟ್ಟಿಯಲ್ಲಿ ಹೆಸರು ಸೇರಿಹೋದ ಮಾತ್ರಕ್ಕೆ ಪ್ರಶ್ನೆ ತೀರಿತೆಂದು ನಾನು ಒಪ್ಪಲಾರೆ. ಮಾಕುಟ್ಟದ ಕಾಡಿನ ಇಲಿಯನ್ನೂ ನಾಗರಹೊಳೆಯ ಮೂಡಲಿನ ಒಣಹೊಲದ ಇಲಿಯನ್ನೂ ಹಿಡಿದು, ಎರಡರ ಡಿಎನ್‌ಎ ಅಕ್ಕಪಕ್ಕ ಇಟ್ಟು ನೋಡಬೇಕು. ಆ ಕೆಲಸ ಮೈಸೂರಿನಲ್ಲೇ ಆಗಲಿ.