ಜಾತ್ರೆಯ ತೊಟ್ಟಿಲು, ಬಿಂಕದಕಟ್ಟಿಯ ಮೃಗಾಲಯ

ರೋಲರ್ ಕೋಸ್ಟರ್, ಅಂದರೆ ಸರಪಳಿಯ ಬಲದಿಂದ ಎತ್ತರಕ್ಕೇರಿ ಅಲ್ಲಿಂದ ಗುರುತ್ವಾಕರ್ಷಣೆಯಿಂದಲೇ ಧುಮ್ಮಿಕ್ಕುವ ಹಳಿಬಂಡಿಯನ್ನು ಹತ್ತಲು ಗದಗ-ಬೆಟಗೇರಿಯ ಕುಟುಂಬಗಳು 2005ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾದವರೆಗೂ ಹೋಗುವುದುಂಟಾದರೂ, ಈ ಭಾಗದ ಬಹುಪಾಲು ಜನರಿಗೆ ಅಂಥ ರೋಮಾಂಚನವನ್ನು ಮೊದಲು ಉಣಿಸಿದ್ದು ಗದುಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ ಮತ್ತು ಮುಂಡರಗಿಯ ಅನ್ನದಾನೀಶ್ವರ ಮಠಗಳ ಜಾತ್ರೆಗಳೇ. ದೊಡ್ಡ ತೊಟ್ಟಿಲು ತುದಿ ಮುಟ್ಟಿ ಕೆಳಗೆ ಹೊರಳುವಾಗ ಆಸನವು ದೇಹಕ್ಕೆ ಕೊಡುವ ಆಧಾರ ಕ್ಷಣಕಾಲ ಕಡಿಮೆಯಾಗುವುದರಿಂದ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳೂ ಮಾರುವುದು ಈ ಅನುಭವವನ್ನೇ.

ಪ್ರಾಣಿಗಳ ಸಂಗತಿ ಬೇರೆ. ಹುಲಿ, ಸಿಂಹ, ಕರಡಿ, ಚಿರತೆ ಹಾಗೂ ಮಂಗಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ಕೇಂದ್ರ ಸರಕಾರ 1998ರ ಅಧಿಸೂಚನೆಯಿಂದ ನಿಷೇಧಿಸಿದ ಮೇಲೆ ಸರ್ಕಸ್ ಡೇರೆಗಳು ಕಳೆಗುಂದಿದವು. ಈಗ ಹುಲಿ ನೋಡಬೇಕೆಂದು ಹಟ ಹಿಡಿಯುವ ಮಕ್ಕಳನ್ನು ಹಿರಿಯರು ಗದುಗಿನ ಸಮೀಪದ ಬಿಂಕದಕಟ್ಟಿ ಮೃಗಾಲಯಕ್ಕೆ ಕರೆದೊಯ್ಯುತ್ತಾರೆ. ಟಿಕೆಟ್ಟಿನ ಗೊಡವೆಯೇ ಬೇಡವೆನ್ನುವವರಿಗೆ, 2024ರಲ್ಲಿ ರಾಮ್ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಮಾನ್ಯತೆ ಪಡೆದ ಮಾಗಡಿ ಕೆರೆಯಿದ್ದು, ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ.