ಓದಿದ್ದನ್ನೇ ಮತ್ತೆ ಓದಿಸುವ ಪದವಿ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವನು ‘ಲ್ಯಾಟರಲ್ ಎಂಟ್ರಿ’ ನಿಯಮದಡಿ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು. ಅರ್ಥಶಾಸ್ತ್ರ ಓದಿ ಬಿ.ಎ.ಗೆ ಸೇರಿದವಳು ಮಾತ್ರ ದ್ವಿತೀಯ ಪಿಯುಸಿಯಲ್ಲಿ ಅರೆದು ಕುಡಿದ ಬೇಡಿಕೆ ರೇಖೆ, ಸ್ಥಿತಿಸ್ಥಾಪಕತ್ವಗಳನ್ನೇ ಮತ್ತೆ ಓದಬೇಕು. ಒಂದೇ ಸರ್ಕಾರ, ಎರಡು ನ್ಯಾಯ.

ಅಮೆರಿಕದ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ವ್ಯವಸ್ಥೆ 1950ರ ದಶಕದ್ದು. ಶಾಲೆಯಲ್ಲೇ ಕಾಲೇಜು ಮಟ್ಟದ ವಿಷಯ ಓದಿ, ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಅಂಕ ಗಳಿಸಿದವರಿಗೆ ಅಲ್ಲಿನ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ನಮ್ಮಲ್ಲೂ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಕಲಿಕೆಗೆ ವರ್ಷಕ್ಕೆ 40 ಕ್ರೆಡಿಟ್ ಲೆಕ್ಕ ಹಾಕಿದೆ. ಆದರೆ ಹನ್ನೆರಡನೇ ತರಗತಿ 4ನೇ ಹಂತ, ಪದವಿಯ ಮೊದಲ ವರ್ಷ 4.5, ಖಾತೆಗೆ ಜಮೆಯಾದರೂ ಪದವಿಯ ಹೊರೆ ತಾನಾಗಿ ತಗ್ಗುವುದಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮೂರಕ್ಕೆ ಮರಳಿದಾಗಲೂ ಚರ್ಚೆಯಾದದ್ದು ಬಹುಪಾಲು ವರ್ಷಗಳ ಎಣಿಕೆಯೇ.

ಅಮೆರಿಕದ ಮಾದರಿಯನ್ನು ಹಾಗೆಯೇ ತರುವುದು ಬೇಡ. ಅದು ಪ್ರತ್ಯೇಕ ಶುಲ್ಕದ ಪರೀಕ್ಷೆ. ಇಲ್ಲಿಗೆ ಬಂದರೆ ಹುಬ್ಬಳ್ಳಿ, ದಾವಣಗೆರೆಯ ಕೋಚಿಂಗ್ ಕೇಂದ್ರಗಳಿಗೆ ಸುಗ್ಗಿ, ಮೋಟೆಬೆನ್ನೂರಿಗೆ ಬರ. ದ್ವಿತೀಯ ಪಿಯುಸಿ ಪರೀಕ್ಷೆ ಹೇಗೂ ಇದೆಯಲ್ಲ? ಒಂದು ವಿಷಯದಲ್ಲಿ ಶೇ 85ಕ್ಕೂ ಹೆಚ್ಚು ಅಂಕ ಪಡೆದವರಿಗೆ ಪದವಿಯಲ್ಲಿ ಆ ವಿಷಯದ ಮೊದಲ ಪತ್ರಿಕೆಯಿಂದ ವಿನಾಯಿತಿ ಸಿಗಲಿ. ಉಪನ್ಯಾಸಕರ ಕಾರ್ಯಭಾರ ಕುಸಿಯುತ್ತದೆಂಬ ಆಕ್ಷೇಪ ಬಂದೇ ಬರುತ್ತದೆ. ಉಳಿದ ಅವಧಿಯಲ್ಲಿ ಅವರು ಸಂಖ್ಯಾಶಾಸ್ತ್ರ ಕಲಿಸಲಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಧಾರಣೆಯನ್ನೇ ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಲಿ.